ಚಿಮಣಿ ಅಂದ್ರೆ ಅಡುಗೆಮನೆದಲ್ಲ ಅಮ್ಮ

"ಚಿಮಣಿ ರಿಪೇರಿಗೆ ಆರು ಸಾವಿರ ಡಾಲರಾ?" ಅಂತ ಅಮ್ಮ ಫೋನಿನಲ್ಲೇ ಕೂಗಿದಳು. "ಅಷ್ಟು ದುಡ್ಡಿಗೆ ಇಲ್ಲಿ ಇಪ್ಪತ್ತು ಹೊಸ ಚಿಮಣಿ ಬರ್ತಾವಲ್ಲೇ ಮಾರಾಯ್ತಿ. ಮೊನ್ನೆ ನಿನ್ನ ಚಿಕ್ಕಮ್ಮ ಶಿವಮೊಗ್ಗದಲ್ಲಿ ಹಳೇದು ಕೊಟ್ಟು ಹೊಸದು ತಂದಳು. ಬಟನ್ ಒತ್ತಿದ್ರೆ ತಾನೇ ತೊಳ್ಕೊಳ್ಳುತ್ತಂತೆ."

ತಪ್ಪು ಅವಳದಲ್ಲ. ನಮ್ಮೂರಲ್ಲಿ ಈಗ ಚಿಮಣಿ ಅಂದರೆ ಗ್ಯಾಸ್ ಒಲೆ ಮೇಲೆ ಕೂರಿಸೋ ಸ್ಟೀಲಿನ ಡಬ್ಬ. ಅಜ್ಜಿ ಕಾಲಕ್ಕೆ ಚಿಮಣಿ ಅಂದರೆ ಸೀಮೆಎಣ್ಣೆ ಬುಡ್ಡಿ. ನೆಲಮಾಳಿಗೆಯಿಂದ ಎದ್ದು, ಎರಡು ಅಂತಸ್ತು ದಾಟಿ, ಮಾಡು ಸೀಳಿಕೊಂಡು ಮೇಲೆ ಹೋಗೋ ಇಟ್ಟಿಗೆ ಕಂಬ ಅಮ್ಮ ಕಂಡಿದ್ದೇ ಇಲ್ಲ. ನಮ್ಮ ಕೊಪ್ಪದ ಕಡೆ ಒಲೆ ಹೊಗೆ ಹೆಂಚಿನ ಸಂದಿಯಲ್ಲಿ ತಾನೇ ದಾರಿ ಮಾಡಿಕೊಂಡು ಹೋಗುತ್ತಿತ್ತು. ಹೋಗದೆ ಉಳಿದದ್ದು ಇಲ್ಲಣವಾಗಿ ಅಟ್ಟದ ಕೆಳಗೆ ತೂಗುತ್ತಿತ್ತು. ವರ್ಷಕ್ಕೊಮ್ಮೆ ಹಬ್ಬದ ಹೊತ್ತಿಗೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಹೊಡೆದರೆ ಮುಗೀತು.

ಇಲ್ಲಿ ಹಾಗಲ್ಲ. ನಾವಿರೋದು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನ ದಕ್ಷಿಣ ಭಾಗದಲ್ಲಿ, 1926ರಲ್ಲಿ ಕಟ್ಟಿದ ಮನೆಯಲ್ಲಿ. ಈ ಬೀದಿಗಳಲ್ಲೆಲ್ಲ ಅಂಥ ಮನೆಗಳೇ ಜಾಸ್ತಿ: ಹೊರಗೆ ಗಿಲಾವು ಮಾಡಿದ ಗೋಡೆ, ಕಡಿದಾದ ಮಾಡು, ಪಕ್ಕದಲ್ಲೊಂದು ಕೆಂಪಿಟ್ಟಿಗೆ ಚಿಮಣಿ. 2018ರಲ್ಲಿ ಎಲೆ ಉದುರೋ ಹೊತ್ತಿಗೆ ಕೊಂಡೆವು. ಮೊದಲ ಚಳಿಗಾಲಕ್ಕೇ ಆ ಪೋಲಾರ್ ವೋರ್ಟೆಕ್ಸ್, ಅಂದರೆ ಉತ್ತರ ಧ್ರುವದ ಕಡೆಯಿಂದ ನುಗ್ಗೋ ಕಡುಚಳಿ, ಬಂತು. 2019ರ ಜನವರಿ 30ರಂದು ಮೈನಸ್ 28 ಫ್ಯಾರನ್‌ಹೀಟ್, ಅಂದರೆ ಮೈನಸ್ 33 ಸೆಲ್ಸಿಯಸ್. ಎಲ್ಲರ ಹಾಗೆ ನಾನೂ ಒಂದು ಲೋಟ ಕುದಿನೀರು ಗಾಳಿಗೆ ಎರಚಿ, ಅದು ಗಾಳಿಯಲ್ಲೇ ಹೆಪ್ಪುಗಟ್ಟೋದನ್ನು ವಿಡಿಯೊ ಮಾಡಿ ಊರಿಗೆ ಕಳಿಸಿದ್ದೆ. ಮನೆಗೆ ಏನೂ ಆಗಲಿಲ್ಲ. ಇಂಥ ಚಳಿ ತಡೆದ ಮನೆಗೆ ಇನ್ನೇನಾದೀತು ಅಂತ ನಮಗೆ ಸುಳ್ಳು ಧೈರ್ಯ ಬಂದಿದ್ದು ಅವತ್ತೇ.

ಇಟ್ಟಿಗೆ ಒಡೆಯೋದು ಜನವರಿಯಲ್ಲಿ ಅಲ್ಲ, ಮಾರ್ಚಿನಲ್ಲಿ. ಇದು ತಿಳಿಯೋಕೆ ನನಗೆ ನಾಲ್ಕು ವರ್ಷ ಬೇಕಾಯಿತು.

2023ರ ಮಾರ್ಚ್. ಕಸ ಹಾಕೋಕೆ ಪಕ್ಕದ ಓಣಿಗೆ ಹೋದರೆ ಹಿಮದ ಮೇಲೆ ಕೆಂಪು ಚೂರುಗಳು. ಉಗುರಿನಷ್ಟು ತೆಳ್ಳಗೆ, ಅಂಗೈ ಅಗಲ ಕೆಲವು, ಒಂದು ಕಡೆ ನಯ, ಇನ್ನೊಂದು ಕಡೆ ಒರಟು. ಮೊದಲು ಹೂಕುಂಡ ಒಡೆದಿರಬೇಕು ಅಂದುಕೊಂಡೆ. ತಲೆ ಎತ್ತಿ ನೋಡಿದರೆ ಚಿಮಣಿಯ ಮೇಲ್ಭಾಗದ ಇಟ್ಟಿಗೆಗಳ ಮುಖವೇ ಕಿತ್ತುಬಂದಿತ್ತು. ಇಟ್ಟಿಗೆ ಅದರ ಜಾಗದಲ್ಲೇ ಇದೆ, ಮುಂದಿನ ಚರ್ಮ ಮಾತ್ರ ಇಲ್ಲ. ಇದಕ್ಕೆ ಇಲ್ಲಿ ಸ್ಪಾಲಿಂಗ್ ಅಂತಾರೆ.

ಅದೇ ವಾರ ಮೇಲಿನ ಕೋಣೆಯ ಸೀಲಿಂಗಿನಲ್ಲಿ ಕಲೆ ಕಂಡಿತು. ಚಿಮಣಿ ಹಾದು ಹೋಗೋ ಮೂಲೆಯಲ್ಲಿ, ಕಾಫಿ ಲೋಟ ಇಟ್ಟೆದ್ದ ಹಾಗೆ ಕಂದು ಉಂಗುರ. ನಾನು ಸ್ಟೂಲ್ ಹತ್ತಿ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದೆ. ಅಪ್ಪ ಊರಲ್ಲಿ ಮಳೆಗಾಲದಲ್ಲಿ ಮಾಡುತ್ತಿದ್ದ ಉಪಾಯ ಇದು, ಅವನದು ಇದ್ದಿಲಿನ ಗೆರೆ. ಸೋರಿಕೆ ಹಳೇದೋ ಹೊಸದೋ, ಹೆಚ್ಚುತ್ತಿದೆಯೋ ನಿಂತಿದೆಯೋ, ಗೆರೆ ಹೇಳುತ್ತೆ. ಮೂರು ದಿನಕ್ಕೆ ಕಲೆ ಗೆರೆ ದಾಟಿತು. ಎರಡನೇ ಗೆರೆ ಎಳೆದೆ. ವಾರಕ್ಕೆ ಅದನ್ನೂ ದಾಟಿತು.

ಸೋರೋದು ಅಂದಮೇಲೆ ಮಾಡಿನ ಕೆಲಸದವನೇ ಅಲ್ವಾ? ನಮ್ಮನೆಯವರು ಒಬ್ಬನನ್ನು ಕರೆಸಿದರು. ಅವನು ಏಣಿ ಹಾಕಿ, ಚಿಮಣಿ ಬುಡಕ್ಕೆ ಡಾಂಬರಿನಂಥ ಕಪ್ಪು ಅಂಟು ಬಳಿದು, ಅರ್ಧ ಗಂಟೆಯಲ್ಲಿ ಇಳಿದು ದುಡ್ಡು ತಗೊಂಡು ಹೋದ. ಕಲೆ ಮೂರನೇ ಗೆರೆಯ ಕಡೆಗೆ ಹೊರಟಿತು.

ಆಮೇಲೆ ಅಂಚೆಡಬ್ಬದಲ್ಲಿ ಬಂದಿದ್ದ 99 ಡಾಲರಿನ ಕೂಪನ್. ಚಿಮಣಿ ಶುಚಿ ಮಾಡಿ ತಪಾಸಣೆಯೂ ಮಾಡುತ್ತೇವೆ ಅಂತ. ಬಂದವನು ಹತ್ತು ನಿಮಿಷ ಟಾರ್ಚ್ ಬಿಟ್ಟು ನೋಡಿ, ಇಡೀ ಚಿಮಣಿ ಕೆಡವಿ ಕಟ್ಟಬೇಕು, ಇವತ್ತು ರಾತ್ರಿಯೊಳಗೆ ಸಹಿ ಹಾಕಿದರೆ ರಿಯಾಯಿತಿ ಅಂದ. ಫೋಟೊ ತೋರಿಸಿದ, ನಿಜ. ಆದರೆ ಆ ಫೋಟೊದಲ್ಲಿದ್ದ ಇಟ್ಟಿಗೆ ಹಳದಿ. ನಮ್ಮದು ಕೆಂಪು. ಬಾಗಿಲು ತೋರಿಸಿದೆ.

ಅವತ್ತು ರಾತ್ರಿ ಮನೆ ಕೊಂಡಾಗಿನ ಕಾಗದಪತ್ರ ತೆಗೆದು ಕೂತೆ. ಆಗ ಬಂದಿದ್ದ ಹೋಮ್ ಇನ್‌ಸ್ಪೆಕ್ಟರ್ ವರದಿ ನಲವತ್ತು ಪುಟ ಇತ್ತು, ನಾವು ಮೊದಲ ನಾಲ್ಕು ಓದಿದ್ದೆವು. ಒಳಗೆಲ್ಲೋ ಒಂದು ಸಾಲು: ಚಿಮಣಿಯನ್ನು ನೆಲದಿಂದ ಮಾತ್ರ ನೋಡಿದೆ, ಅದರ ಪರಿಣತರಿಂದ ತಪಾಸಣೆ ಮಾಡಿಸಿ. ಇಲ್ಲಿ ಚಿಮಣಿಗೆ ಅಗ್ನಿ ಸುರಕ್ಷತೆ ಸಂಸ್ಥೆಯೊಂದರ ಎನ್‌ಎಫ್‌ಪಿಎ 211 ಅನ್ನೋ ಒಂದು ಮಾನದಂಡ ಇದೆ. ಅದರ ಪ್ರಕಾರ ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು, ಉರಿಸಲಿ ಬಿಡಲಿ. ತಪಾಸಣೆಯಲ್ಲಿ ಮೂರು ಹಂತ. ಮೊದಲನೆಯದು ಕಣ್ಣಿಗೆ ಕಂಡಷ್ಟು ನೋಡೋದು. ಎರಡನೆಯದರಲ್ಲಿ ಅಟ್ಟ, ನೆಲಮಾಳಿಗೆ ಎಲ್ಲ ಹೊಕ್ಕು, ಚಿಮಣಿಯೊಳಗೆ ಕ್ಯಾಮೆರಾ ಇಳಿಸಿ ನೋಡೋದು. ಮೂರನೆಯದಕ್ಕೆ ಗೋಡೆ ಒಡೆಯೋದೇ. ಮನೆ ಕೈ ಬದಲಾಗುವಾಗ ಎರಡನೇ ಹಂತ ಮಾಡಿಸಬೇಕು ಅನ್ನುತ್ತೆ ಆ ಮಾನದಂಡ. ನಾವು ಮಾಡಿಸಿರಲಿಲ್ಲ. ಆ ದುಡ್ಡಿನಲ್ಲಿ ಸೋಫಾ ತಗೊಂಡಿದ್ದೆವು.

ಕೊನೆಗೆ ಸಿಎಸ್‌ಐಎ ಅನ್ನೋ ಚಿಮಣಿ ಸುರಕ್ಷತೆ ಸಂಸ್ಥೆಯ ಪ್ರಮಾಣಪತ್ರ ಇರೋರನ್ನೇ ಹುಡುಕಿ ಕರೆಸಿದೆ. ಬಂದವಳು ಮೂವತ್ತರ ಆಸುಪಾಸಿನ ಹೆಂಗಸು. ಶೂಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಳಗೆ ಬಂದಳು. ಬಂದವಳೇ ಬೆಂಕಿಗೂಡಿನ, ಅಂದರೆ ಸೌದೆ ಉರಿಸೋ ಫೈರ್‌ಪ್ಲೇಸಿನ ಕಡೆ ನೋಡಲೇ ಇಲ್ಲ, ಸೀದಾ ನೆಲಮಾಳಿಗೆಗೆ ಇಳಿದಳು. "ನಿಮ್ಮ ವಾಟರ್ ಹೀಟರ್ ಎಲ್ಲಿದೆ?" ಅಂತ ಮೊದಲ ಪ್ರಶ್ನೆ. ಇವಳಿಗೂ ಕೆಲಸ ಗೊತ್ತಿಲ್ಲ ಅಂದುಕೊಂಡೆ ನಾನು. ಚಿಮಣಿ ನೋಡೋಕೆ ಬಂದವಳಿಗೆ ಗೀಸರ್ ಯಾಕೆ?

ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಕ್ಯಾಮೆರಾ.

ಉದ್ದನೆ ಬಳುಕೋ ಕೋಲಿನ ತುದಿಗೆ ಬೆಳಕಿರೋ ಪುಟ್ಟ ಕ್ಯಾಮೆರಾ. ಅದು ಮೇಲೇರುತ್ತಾ ಹೋದ ಹಾಗೆ ನಾನು, ನಮ್ಮನೆಯವರು, ಅವಳು ಮೂವರೂ ಟ್ಯಾಬ್ ಮುಂದೆ ಬಗ್ಗಿ ಕೂತಿದ್ದೆವು. ನಮ್ಮ ಚಿಮಣಿಯೊಳಗೆ ಎರಡು ಕೊಳವೆ ಇವೆ, ಒಂದು ಬೆಂಕಿಗೂಡಿಗೆ, ಒಂದು ನೆಲಮಾಳಿಗೆಯ ಗ್ಯಾಸ್ ಉಪಕರಣಗಳಿಗೆ. ಎರಡಕ್ಕೂ ಒಳಗೆ ಲೈನರ್ ಅನ್ನೋ ಸುಟ್ಟ ಮಣ್ಣಿನ ಒಳಪದರ, ಎರಡೆರಡು ಅಡಿಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನಡುವೆ ಗಾರೆ ಹಾಕಿದ್ದು. ಬೆಂಕಿಗೂಡಿನದು ಮಸಿ ಹಿಡಿದಿತ್ತು, ಆದರೆ ಗಟ್ಟಿ. ಎರಡನೆಯದರಲ್ಲಿ ತುಂಡುಗಳ ನಡುವಿನ ಗಾರೆ ಹಲವು ಕಡೆ ಇಲ್ಲವೇ ಇಲ್ಲ. ಒಂದು ಕಡೆ ಲೈನರಿನ ಮೈ ಉದ್ದುದ್ದ ಸೀಳಿ, ಸೀಳಿನ ಅಂಚಿನಲ್ಲೆಲ್ಲ ಉಪ್ಪಿನ ಹರಳಿನ ಹಾಗೆ ಬಿಳಿ ಬಿಳಿ ಬೆಳೆದಿತ್ತು. ಉಪ್ಪಿನಕಾಯಿ ಭರಣಿಯ ಹೊರಗೆ ಉಪ್ಪು ಉಕ್ಕಿ ಒಣಗಿರುತ್ತಲ್ಲ, ಥೇಟ್ ಹಾಗೆ. ಕ್ಯಾಮೆರಾ ತುದಿ ತಲುಪಿದಾಗ ಆಕಾಶ ಕಂಡಿತು. ಕಾಣಬಾರದಿತ್ತಂತೆ, ಅಲ್ಲಿ ಮುಚ್ಚಳ ಇರಬೇಕಿತ್ತು.

ಆಮೇಲೆ ಮೇಲೆ ಹತ್ತಿ ಫೋಟೊ ತಂದಳು. ಚಿಮಣಿಯ ನೆತ್ತಿಯ ಮೇಲೆ ಗಾರೆಯ ಹಾಸು ಇರುತ್ತೆ, ಕ್ರೌನ್ ಅಂತ. ಅದರ ಮೇಲೆ ಕೈಬೆರಳು ಹೋಗುವಷ್ಟು ಬಿರುಕು. ಮಳೆ ನೀರು, ಕರಗಿದ ಹಿಮ ಎಲ್ಲ ಅಲ್ಲಿಂದ ಇಳಿದು ಇಟ್ಟಿಗೆಯ ಹೊಟ್ಟೆ ಸೇರುತ್ತಿತ್ತು.

ನೀರು ಮಂಜುಗಡ್ಡೆ ಆಗುವಾಗ ಸುಮಾರು 9 ಶೇಕಡಾ ಉಬ್ಬುತ್ತೆ. ಫ್ರೀಜರಿನಲ್ಲಿ ಬಾಟಲಿ ಒಡೆದ ಯಾರಿಗಾದರೂ ಇದು ಗೊತ್ತು. ಇಟ್ಟಿಗೆ ನೀರು ಕುಡಿಯುತ್ತೆ, ರಾತ್ರಿ ಹೆಪ್ಪುಗಟ್ಟಿ ಉಬ್ಬುತ್ತೆ, ಹಗಲು ಕರಗಿ ಇನ್ನೊಂಚೂರು ಒಳಗೆ ಇಳಿಯುತ್ತೆ, ಮತ್ತೆ ರಾತ್ರಿ. ಜನವರಿಯಲ್ಲಿ ಸುಮ್ನೆ ಒಂದೇ ಸಮ ಹೆಪ್ಪುಗಟ್ಟಿರುತ್ತೆ, ಅದರಿಂದ ತೊಂದರೆ ಕಮ್ಮಿ. ಮಾರ್ಚಿನಲ್ಲಿ ಮಧ್ಯಾಹ್ನ ಬಿಸಿಲು, ರಾತ್ರಿ ಮೈನಸ್. ದಿನಕ್ಕೊಂದು ಸುತ್ತು. ಚಳಿ ಎಷ್ಟು ಅನ್ನೋದಕ್ಕಿಂತ ಎಷ್ಟು ಸಲ ಹೆಪ್ಪುಗಟ್ಟಿ ಕರಗಿತು ಅನ್ನೋದು ಮುಖ್ಯ. ಮನೆಯ ಬೇರೆ ಗೋಡೆಗಾದರೆ ಮಾಡಿನ ಆಸರೆ, ಒಳಗಿನ ಬಿಸಿ ಇರುತ್ತೆ. ಮಾಡಿನಿಂದ ಮೇಲೆ ನಿಂತ ಚಿಮಣಿಗೆ ನಾಲ್ಕೂ ಕಡೆ ಗಾಳಿ, ನೆತ್ತಿ ಮೇಲೆ ಹಿಮ.

ನನಗೆ ನಾಚಿಕೆ ಆಗಿದ್ದು ಇಲ್ಲಿ. ಆಗುಂಬೆ ಪಕ್ಕದಲ್ಲೇ ಹುಟ್ಟಿ ಬೆಳೆದವಳು ನಾನು. ಮಳೆ ಹಿಡಿಯೋಕೆ ಮುಂಚೆ ಹೆಂಚು ಕೈಯಾಡಿಸದೆ ಇದ್ದರೆ ಏನಾಗುತ್ತೆ ಅಂತ ಮೂರನೇ ಕ್ಲಾಸಿನಲ್ಲೇ ಗೊತ್ತಿತ್ತು. ಅಪ್ಪ ಪ್ರತಿ ಮೇ ತಿಂಗಳು ಆಳು ಕರೆದು, ತಾನೂ ಹತ್ತಿ, ಒಡೆದ ಹೆಂಚು ಬದಲಿಸುತ್ತಿದ್ದ. ಇಲ್ಲಿ ಬಂದಮೇಲೆ ಚಿಮಣಿ ಅಂದರೆ ಬೆಂಕಿ, ಬೆಂಕಿ ಹಚ್ಚದಿದ್ದರೆ ಚಿಂತೆ ಇಲ್ಲ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಅದು ನೀರಿನ ವ್ಯವಹಾರ ಅಂತ ಹೊಳೆಯಲೇ ಇಲ್ಲ.

ಈಗ ವಾಟರ್ ಹೀಟರ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಹಳೇ ಮನೆ ಕೊಂಡಿರೋ ನಮ್ಮವರು ತುಂಬಾ ಜನರ ಮನೆಯಲ್ಲಿ ಹೀಗೇ ಇರಬಹುದು.

ಮೊದಲು ಈ ಮನೆಯಲ್ಲಿ ಹಳೇ ಗ್ಯಾಸ್ ಫರ್ನೇಸ್, ಅಂದರೆ ಚಳಿಗಾಲದಲ್ಲಿ ಇಡೀ ಮನೆ ಬೆಚ್ಚಗಿಡೋ ಯಂತ್ರ ಇತ್ತು. ಅದರ ಬಿಸಿ ಹೊಗೆ, ವಾಟರ್ ಹೀಟರಿನ ಹೊಗೆ ಎರಡೂ ಸೇರಿ ಚಿಮಣಿಯಲ್ಲಿ ಜೋರಾಗಿ ಮೇಲೆ ಹೋಗುತ್ತಿತ್ತು. ಹಿಂದಿನ ಮಾಲೀಕರು ಅದನ್ನು ತೆಗೆದು ಹೊಸ ಬಗೆಯ, ಗ್ಯಾಸ್ ಉಳಿಸೋ ಫರ್ನೇಸ್ ಹಾಕಿಸಿದ್ದರು. ಹೊಸದರ ಹೊಗೆ ಎಷ್ಟು ತಣ್ಣಗಿರುತ್ತೆ ಅಂದರೆ ಪಿವಿಸಿ ಪೈಪಿನಲ್ಲಿ ಪಕ್ಕದ ಗೋಡೆಯಿಂದಲೇ ಆಚೆ ಬಿಡುತ್ತಾರೆ. ಒಳ್ಳೇದೇ. ಆದರೆ ಅಷ್ಟು ದೊಡ್ಡ ಚಿಮಣಿಗೆ ಉಳಿದಿದ್ದು ಬಡಪಾಯಿ ವಾಟರ್ ಹೀಟರ್ ಒಂದೇ. ಇದಕ್ಕೆ ಇಲ್ಲಿಯವರು ಅನಾಥ ವಾಟರ್ ಹೀಟರ್ ಅಂತಲೇ ಹೇಳೋದು. ಅದರ ಚೂರು ಬಿಸಿ ಆ ದೊಡ್ಡ ತಣ್ಣನೆ ಕೊಳವೆಯನ್ನು ಬೆಚ್ಚಗೆ ಮಾಡೋಕೆ ಸಾಲೋದಿಲ್ಲ. ಗ್ಯಾಸ್ ಉರಿದರೆ ಜೊತೆಗೆ ನೀರಾವಿ ಹುಟ್ಟುತ್ತೆ. ಆ ಆವಿ ತುದಿ ತಲುಪೋ ಮೊದಲೇ ಗೋಡೆಗೆ ತಾಗಿ, ಅನ್ನದ ಪಾತ್ರೆ ಮುಚ್ಚಳದ ಒಳಗಿನ ಹಾಗೆ ನೀರಾಗಿ ಇಳಿಯುತ್ತೆ. ಬರೀ ನೀರಲ್ಲ, ಸ್ವಲ್ಪ ಹುಳಿ ನೀರು, ಆಸಿಡ್. ಅದು ಗಾರೆ ತಿನ್ನುತ್ತೆ. ಕ್ಯಾಮೆರಾದಲ್ಲಿ ಕಂಡ ಬಿಳಿ ಹರಳು ಅದರದೇ ಗುರುತು. ಅಂದರೆ ನಮ್ಮ ಚಿಮಣಿ ಮೇಲಿಂದ ಹಿಮದ ನೀರಿಗೂ ಒಳಗಿಂದ ಆವಿಯ ನೀರಿಗೂ ಸಿಕ್ಕಿ ನೆನೆಯುತ್ತಿತ್ತು.

ಅದಕ್ಕಿಂತ ಭಯ ಆಗಿದ್ದು ಆಮೇಲೆ. ಅವಳು ಮೇಲೆ ಹೋಗಿ ಅಡುಗೆಮನೆಯ ಎಕ್ಸಾಸ್ಟ್ ಜೋರಿಗೆ ಹಾಕಿಸಿದಳು. ಬಾತ್‌ರೂಮಿನ ಫ್ಯಾನ್, ಬಟ್ಟೆ ಒಣಗಿಸೋ ಡ್ರೈಯರ್ ಎಲ್ಲ ಹಾಕಿಸಿದಳು. ಕಿಟಕಿ ಬಾಗಿಲು ಮುಚ್ಚಿಸಿದಳು. ವಾಟರ್ ಹೀಟರ್ ಹೊತ್ತಿಸಿ, ಅದರ ನೆತ್ತಿಯಲ್ಲಿ ಪೈಪ್ ಶುರುವಾಗೋ ಕಡೆ ತೆರೆದ ಸಂದು ಇರುತ್ತಲ್ಲ, ಅಲ್ಲಿ ಪುಟ್ಟ ಕನ್ನಡಿ ಹಿಡಿದಳು. ಕನ್ನಡಿ ಮಬ್ಬಾಯಿತು. ಹೊಗೆ ಮೇಲೆ ಹೋಗೋ ಬದಲು ವಾಪಸ್ ನೆಲಮಾಳಿಗೆಗೆ ಬರುತ್ತಿತ್ತು.

"ಅಡುಗೆಮನೆಯಲ್ಲಿ ಯಾಕೆ ಇಷ್ಟು ದೊಡ್ಡ ಫ್ಯಾನ್?" ಅಂತ ಕೇಳಿದಳು. ನಾವು ಮನೆಗೆ ಬಂದ ಮೊದಲ ವರ್ಷವೇ ಹಾಕಿಸಿದ್ದು ಅದು. ಒಗ್ಗರಣೆ ಘಾಟು, ಮೆಣಸಿನಕಾಯಿ ಹುರಿಯೋದು, ಮೀನು. ಇಲ್ಲಿನ ಸಾದಾ ಫ್ಯಾನ್ ನಮ್ಮ ಅಡುಗೆಗೆ ಎಲ್ಲಿ ಸಾಲುತ್ತೆ? ಅಮ್ಮನ ಭಾಷೆಯಲ್ಲಿ ಅದೇ ಚಿಮಣಿ. ಅದು ಮನೆಯ ಗಾಳಿಯನ್ನು ಎಳೆದು ಆಚೆ ಹಾಕುತ್ತೆ. ಹೋದ ಗಾಳಿಗೆ ಬದಲು ಗಾಳಿ ಎಲ್ಲಿಂದಾದರೂ ಬರಲೇಬೇಕು. ಚಳಿಗಾಲಕ್ಕೆ ಬಿಗಿಯಾಗಿ ಮುಚ್ಚಿದ ಮನೆಗೆ ಉಳಿದಿರೋ ದಾರಿ ಒಂದೇ, ಇಟ್ಟಿಗೆ ಚಿಮಣಿ. ಒಂದು ಚಿಮಣಿ ಎಳೆಯುತ್ತೆ, ಇನ್ನೊಂದು ಉಲ್ಟಾ ಹರಿಯುತ್ತೆ. ನಾನು ಸಾರಿಗೆ ಒಗ್ಗರಣೆ ಹಾಕಿದಾಗೆಲ್ಲ ಕೆಳಗೆ ಹೊಗೆ ವಾಪಸ್ ಬಂದಿರಬಹುದು. ಈ ಕಾರಣಕ್ಕೇ ಅಮೆರಿಕದ ಹಲವು ರಾಜ್ಯಗಳು ಆಧಾರವಾಗಿ ಇಟ್ಟುಕೊಳ್ಳೋ ಮಾದರಿ ಮನೆ ಕಟ್ಟೋ ಸಂಹಿತೆ, ಇಂಥ ಗ್ಯಾಸ್ ಉಪಕರಣ ಇರೋ ಮನೆಯಲ್ಲಿ ನಿಮಿಷಕ್ಕೆ 400 ಘನ ಅಡಿಗಿಂತ ಜಾಸ್ತಿ ಗಾಳಿ ಎಳೆಯೋ ಅಡುಗೆಮನೆ ಫ್ಯಾನ್ ಹಾಕಿದರೆ ಬದಲಿ ಗಾಳಿಗೂ ವ್ಯವಸ್ಥೆ ಮಾಡಿ ಅನ್ನುತ್ತೆ. ನಮ್ಮ ಫ್ಯಾನಿನ ಡಬ್ಬದ ಮೇಲೆ 600 ಅಂತ ಬರೆದಿತ್ತು. ಹೆಮ್ಮೆಯಿಂದ ಕೊಂಡಿದ್ದೆವು.

ಆ ಹೊಗೆಯಲ್ಲಿ ಇರಬಹುದಾದ ವಿಷಗಾಳಿ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಿನ್ನೆಸೋಟದ ಕಾನೂನಿನ ಪ್ರಕಾರ ಮಲಗೋ ಕೋಣೆಯಿಂದ 10 ಅಡಿಯೊಳಗೆ ಅದರ ಅಲಾರಂ ಇರಬೇಕು, ನಮ್ಮಲ್ಲೂ ಇತ್ತು. ಅದು ಯಾವತ್ತೂ ಕೂಗಿರಲಿಲ್ಲ. ಆದರೆ ಸಾಮಾನ್ಯ ಅಲಾರಂ 70 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 70 ಪಾಲಿನ ಮಟ್ಟದಲ್ಲೂ ತಕ್ಷಣ ಕೂಗೋದಿಲ್ಲ, ಒಂದರಿಂದ ನಾಲ್ಕು ಗಂಟೆ ಹಿಡಿಯಬಹುದು. ಅದಕ್ಕೂ ಕಮ್ಮಿ ಇದ್ದರೆ ಸುಮ್ಮನಿರಬಹುದು. ಈಗ ನೆಲಮಾಳಿಗೆಯಲ್ಲೂ ಒಂದು ಹಾಕಿದ್ದೇವೆ, ಅಂಕಿ ತೋರಿಸೋ ಥರದ್ದು.

ಅವಳು ವಾಟರ್ ಹೀಟರ್ ಬಂದ್ ಮಾಡಿ, ಅದಕ್ಕೊಂದು ಕೆಂಪು ಚೀಟಿ ಕಟ್ಟಿ ಹೋದಳು. ನಾಲ್ಕು ದಿನ ಬಿಸಿನೀರಿಲ್ಲ. ಪುಳಿಯೋಗರೆಗೆ ಅಂತ ಇಟ್ಟಿದ್ದ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಬಕೆಟಿಗೆ ಬೆರೆಸಿ, ಚೊಂಬಿನಲ್ಲಿ ಸ್ನಾನ. ಇಲ್ಲೇ ಹುಟ್ಟಿದ ಮಗನಿಗೆ ಅದೊಂದು ಸಂಭ್ರಮ. ನನಗೆ ಊರಿನ ಬಚ್ಚಲ ಹಂಡೆ ನೆನಪಾಗಿ ಖುಷಿ ಆಯಿತು, ಎರಡನೇ ದಿನದವರೆಗೆ.

ಐದನೇ ದಿನ ಲೈನರ್ ಬಂತು. ಬಳುಕೋ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಹಾವಿನ ಹಾಗೆ ಸುರುಳಿ ಸುತ್ತಿಕೊಂಡು ಬಂದಿತ್ತು. ಮೇಲಿಂದ ಒಬ್ಬ ಇಳಿಸಿದ, ಕೆಳಗಿಂದ ಒಬ್ಬಳು ಹಗ್ಗ ಕಟ್ಟಿ ಎಳೆದಳು. ವಾಟರ್ ಹೀಟರಿಗೆ ತಕ್ಕ ಸಣ್ಣ ಅಳತೆ. ಕೊಳವೆ ಸಣ್ಣದಾದರೆ ಬೇಗ ಬಿಸಿಯಾಗುತ್ತೆ, ಬಿಸಿಯಾದರೆ ಹೊಗೆ ಎಳೆಯುತ್ತೆ, ಆವಿ ನೀರಾಗೋಕೆ ಮೊದಲೇ ಆಚೆ ಹೋಗುತ್ತೆ. ಅಡುಗೆಮನೆ ಫ್ಯಾನಿಗೆ ಬದಲಿ ಗಾಳಿಯ ದಾರಿ ಬೇರೆ ಮಾಡಿಸಿದ್ದು, ಅದರ ಖರ್ಚು ಬೇರೆ, ಆ ಕಥೆ ಇನ್ನೊಂದು ದಿನ. ಮತ್ತೆ ಕನ್ನಡಿ ಹಿಡಿದಳು. ಈ ಸಲ ಮಬ್ಬಾಗಲಿಲ್ಲ.

ಗಾರೆ ಕೆಲಸ ಮಾತ್ರ ಆಗಲ್ಲ ಅಂದರು. ಗಾರೆಗೆ 40 ಫ್ಯಾರನ್‌ಹೀಟ್, ಅಂದರೆ ನಾಲ್ಕೈದು ಸೆಲ್ಸಿಯಸ್ ಆದರೂ ಬೇಕು. ರಾತ್ರಿಯೂ ಹೆಪ್ಪುಗಟ್ಟಬಾರದು. ಹಸಿ ಗಾರೆಯೊಳಗಿನ ನೀರು ಹೆಪ್ಪುಗಟ್ಟಿದರೆ ಅದು ಯಾವತ್ತೂ ಗಟ್ಟಿಯಾಗೋದಿಲ್ಲ, ಮರಳಿನ ಹಾಗೆ ಉದುರುತ್ತೆ. ಟಾರ್ಪಾಲಿನ್ ಕಟ್ಟಿ ಹೀಟರ್ ಇಟ್ಟು ಚಳಿಯಲ್ಲೂ ಮಾಡೋರಿದ್ದಾರೆ, ದುಡ್ಡು ಸುರಿಯಬೇಕು. ನಾವು ಕ್ರೌನ್ ಮೇಲೆ ಟಾರ್ಪಾಲಿನ್ ಹೊದಿಸಿ ಮೇ ತಿಂಗಳಿಗೆ ಕಾದೆವು. ಸೀಲಿಂಗಿನ ಕಲೆಗೆ ನಾಲ್ಕನೇ ಗೆರೆ ಬಿತ್ತು. ಅದೇ ಕೊನೆಯದು.

ಮೇನಲ್ಲಿ ಕೆಲಸ ಶುರು ಮಾಡೋ ಮುಂಚೆ ಇನ್ನೊಂದು ಸಲ ಬೆಂಕಿಗೂಡಿನ ಕೊಳವೆಗೆ ಕ್ಯಾಮೆರಾ ಬಿಟ್ಟರು. ಯಾಕೆ ಅಂದರೆ ಹಕ್ಕಿ. ಚಿಮ್ನಿ ಸ್ವಿಫ್ಟ್ ಅಂತ ಒಂದು ಪುಟ್ಟ ಬೂದು ಹಕ್ಕಿ ಇದೆ, ಚಳಿಗಾಲ ಅಮೆಜಾನಿನ ಕಡೆ ಕಳೆದು ವಸಂತಕ್ಕೆ ಇಲ್ಲಿಗೆ ಬರುತ್ತೆ. ಅದಕ್ಕೆ ಕೊಂಬೆ ಮೇಲೆ ಕೂರೋಕೆ ಬರೋದಿಲ್ಲ, ಗೋಡೆಗೆ ಅಂಟಿಕೊಂಡು ನೇತಾಡುತ್ತೆ. ಒರಟು ಇಟ್ಟಿಗೆಯ ಹಳೇ ಚಿಮಣಿ ಅಂದರೆ ಅದಕ್ಕೆ ಸ್ವರ್ಗ. 1918ರ ವಲಸೆ ಹಕ್ಕಿಗಳ ಕಾಯ್ದೆ ಪ್ರಕಾರ ಮೊಟ್ಟೆ ಮರಿ ಇರೋ ಗೂಡನ್ನು ಮುಟ್ಟೋ ಹಾಗಿಲ್ಲ. ಇದ್ದರೆ ಮರಿ ಹಾರೋವರೆಗೆ ಕೆಲಸ ಬಂದ್. ಉಸಿರು ಬಿಗಿಹಿಡಿದು ನೋಡಿದೆವು. ಹೋದ ವರ್ಷದ ಖಾಲಿ ಗೂಡು ಮಾತ್ರ ಇತ್ತು, ಅರ್ಧ ತಟ್ಟೆ ಆಕಾರ, ಕಡ್ಡಿ ಕಡ್ಡಿ ಜೋಡಿಸಿ ತನ್ನ ಜೊಲ್ಲಿನಿಂದಲೇ ಅಂಟಿಸಿದ್ದು. ಕೆಲಸಕ್ಕೆ ತೊಂದರೆ ಆಗಲಿಲ್ಲ. ಆದರೂ ಮುಚ್ಚಳ ಹಾಕಿಸಿದಮೇಲೆ ಅದಕ್ಕೆ ಜಾಗ ಇಲ್ಲ ಅನ್ನೋದು ಮನಸ್ಸಿಗೆ ಒಂಥರಾ ಆಯಿತು.

ಗಾರೆ ಕೆಲಸಕ್ಕೆ ಬಂದವರು ಅರವತ್ತು ದಾಟಿದ ಒಬ್ಬ ಹಿರಿಯರು, ಜೊತೆಗೊಬ್ಬ ಹುಡುಗ. ಮೊದಲ ದಿನ ಅವರು ಮಾಡಿದ್ದು ಬರೀ ಕೆರೆಯೋದು. ಇಟ್ಟಿಗೆ ಸಂದಿನ ಹಳೇ ಗಾರೆಯನ್ನು ಮುಕ್ಕಾಲು ಇಂಚು ಆಳಕ್ಕೆ ತೆಗೆದು, ಧೂಳು ಊದಿ, ನೀರು ಚಿಮುಕಿಸಿ, ಆಮೇಲೆ ಹೊಸ ಗಾರೆಯನ್ನು ಪದರ ಪದರವಾಗಿ ಒತ್ತಿ ತುಂಬೋದು. ಇದಕ್ಕೆ ಟಕ್‌ಪಾಯಿಂಟಿಂಗ್ ಅಂತಾರೆ. ಮೇಲೆ ಮೇಲೆ ಸವರಿ ಹೋದರೆ ಎರಡೇ ಚಳಿಗಾಲಕ್ಕೆ ಹಪ್ಪಳದ ಹಾಗೆ ಕಿತ್ತುಬರುತ್ತೆ. ಮುಖ ಹೋಗಿದ್ದ ಮೇಲಿನ ಎಂಟು ಸಾಲು ಇಟ್ಟಿಗೆಯನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದರು.

ನಮ್ಮನೆಯವರು ಅವರ ಹತ್ತಿರ ಹೋಗಿ, "ಸಿಮೆಂಟ್ ಜಾಸ್ತಿ ಹಾಕಿ, ಗಟ್ಟಿಯಾಗಲಿ" ಅಂದರು. ಆ ಹಿರಿಯರು ಕರಣೆ ಕೆಳಗಿಟ್ಟು, ಚಿಮಣಿಯ ಒಂದು ಮೂಲೆ ತೋರಿಸಿದರು. ಅಲ್ಲಿ ಯಾವ ಕಾಲದಲ್ಲೋ ಯಾರೋ ಬೂದು ಸಿಮೆಂಟಿನಲ್ಲಿ ಸಂದು ತುಂಬಿದ್ದರು. ಸಿಮೆಂಟ್ ಹಾಗೇ ಇತ್ತು, ಕಲ್ಲಿನ ಹಾಗೆ. ಅದರ ಎರಡೂ ಪಕ್ಕದ ಇಟ್ಟಿಗೆ ಪುಡಿ ಪುಡಿ. ಹಳೇ ಇಟ್ಟಿಗೆ ಮೆತ್ತಗೆ. ಬಿಸಿಗೆ ಚಳಿಗೆ ಅದು ಹಿಗ್ಗಿ ಕುಗ್ಗುವಾಗ ನಡುವಿನ ಗಾರೆ ಜಗ್ಗಬೇಕು. ಇಟ್ಟಿಗೆಯೊಳಗಿನ ತೇವವೂ ಗಾರೆಯಿಂದಲೇ ಆಚೆ ಹೋಗಬೇಕು. ಗಾರೆ ಇಟ್ಟಿಗೆಗಿಂತ ಗಟ್ಟಿಯಾದರೆ ಒಡೆಯೋದು ಇಟ್ಟಿಗೆಯೇ. ಗಾರೆ ಹೋದರೆ ಮತ್ತೆ ತುಂಬಬಹುದು. ಅವರು ಕಲಸಿದ್ದು ಸಿಮೆಂಟ್ ಒಂದು ಪಾಲು, ಸುಣ್ಣ ಒಂದು ಪಾಲು, ಮರಳು ಆರು ಪಾಲು. ಟೈಪ್ ಎನ್ ಅಂತ ಅದರ ಹೆಸರು. ಇನ್ನೂ ಹಳೇ ಮನೆಯಾದರೆ ಸುಣ್ಣ ಇನ್ನೂ ಜಾಸ್ತಿ ಅಂತೆ. ನಮ್ಮಜ್ಜನ ಮನೆಯ ಸುಣ್ಣದ ಗಾರೆ ಗೋಡೆಯ ವಿಷಯ ಹೇಳಿದೆ, ಬೆಲ್ಲದ ನೀರು ಹಾಕಿ ಅರೆಯುತ್ತಿದ್ದರು ಅಂತ. ಅವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ, ಎಷ್ಟು ಬೆಲ್ಲ ಅಂತ ಕೇಳಿದರು. ಅಪ್ಪನಿಗೆ ಫೋನ್ ಮಾಡಿ ಕೇಳಿ ಹೇಳಬೇಕಾಯಿತು. ಅಪ್ಪನಿಗೂ ಗೊತ್ತಿರಲಿಲ್ಲ.

ಕ್ರೌನ್ ಹೊಸದಾಗಿ ಹಾಕಿದರು, ಕಾಂಕ್ರೀಟಿನದು, ಸುತ್ತ ಎರಡು ಇಂಚು ಆಚೆಗೆ ಚಾಚಿ. ಚಾಚಿದ ಭಾಗದ ಅಡಿಯಲ್ಲಿ ಒಂದು ಸಣ್ಣ ಗೀರು ಬಿಡುತ್ತಾರೆ, ನೀರು ಗೋಡೆ ಹಿಡಿದು ಇಳಿಯದೆ ಅಲ್ಲೇ ತೊಟ್ಟಿಕ್ಕಲಿ ಅಂತ. ನಮ್ಮ ಕಡೆ ಸಜ್ಜಾದ ಅಡಿಯಲ್ಲೂ ಇಂಥದ್ದೇ ಗೀರು ಇರುತ್ತೆ, ನೋಡಿದ್ದೀರಾ? ಚಿಮಣಿ ಬುಡದ ಡಾಂಬರನ್ನೆಲ್ಲ ಕೆರೆದು ತೆಗೆದು, ಲೋಹದ ತಗಡಿನ ಫ್ಲ್ಯಾಶಿಂಗ್ ಎರಡು ಪದರ ಕೂರಿಸಿದರು. ಒಂದು ಮಾಡಿನ ಹೊದಿಕೆಯಾದ ಶಿಂಗಲ್ ಜೊತೆ ಮೆಟ್ಟಿಲು ಮೆಟ್ಟಿಲಾಗಿ, ಇನ್ನೊಂದು ಅದರ ಮೇಲೆ ಇಟ್ಟಿಗೆ ಸಂದಿನೊಳಗೆ ಸಿಕ್ಕಿಸಿ. ಕೊನೆಗೆ ನೀರು ತಡೆಯೋ ದ್ರಾವಣ ಸಿಂಪಡಿಸಿದರು, ಸೈಲೊಕ್ಸೇನ್ ಥರದ್ದು. ಹೊರಗಿನ ನೀರು ಒಳಗೆ ಬಿಡೋದಿಲ್ಲ, ಒಳಗಿನ ಆವಿಯನ್ನು ಆಚೆ ಬಿಡುತ್ತೆ. ಇದರ ಬದಲು ಪೇಂಟ್ ಹೊಡೆಸಬೇಡಿ. ತೇವ ಒಳಗೇ ಸಿಕ್ಕಿಬಿದ್ದು ಇನ್ನೂ ಬೇಗ ಒಡೆಯುತ್ತೆ.

ಬೆಂಕಿಗೂಡಿನ ಬಗ್ಗೆ ಎರಡು ಮಾತು. ನಾವು ವರ್ಷಕ್ಕೆ ನಾಲ್ಕೈದು ಸಲ ಹಚ್ಚೋದು. ಹಸಿ ಸೌದೆ ಉರಿಸಿದರೆ ಕ್ರಿಯೊಸೋಟ್ ಅನ್ನೋ ಅಂಟು ಮಸಿ ಕಟ್ಟುತ್ತೆ, ಅದಕ್ಕೇ ಬೆಂಕಿ ಹಿಡಿದರೆ ಚಿಮಣಿಯೊಳಗೆ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಬಹುದು. ಸೌದೆಯಲ್ಲಿ ನೀರು 20 ಶೇಕಡಾಕ್ಕಿಂತ ಕಮ್ಮಿ ಇರಬೇಕು, ಅಳೆಯೋ ಪುಟ್ಟ ಮೀಟರ್ ಅಂಗಡಿಯಲ್ಲಿ ಸಿಗುತ್ತೆ. ನಮ್ಮ ಸ್ನೇಹಿತರೊಬ್ಬರು ದೀಪಾವಳಿಗೆ ಬಂದವರು ಸಾಮಾನಿನ ರಟ್ಟಿನ ಡಬ್ಬಗಳನ್ನೆಲ್ಲ ಅದಕ್ಕೆ ತುರುಕೋಕೆ ಹೋದರು, ಬಚ್ಚಲೊಲೆ ಅಂದುಕೊಂಡು. ಉರಿಯೋ ರಟ್ಟಿನ ಹಾಳೆ ಹಾಗೇ ಮೇಲೆ ಹಾರಿ ಮಸಿಗೆ ತಾಗಿದರೆ ಮುಗೀತು.

ಇನ್ನೊಂದು ಯೋಚನೆ ಬಂದದ್ದು ಆ ಹೆಂಗಸು ಕ್ಯಾಮೆರಾ ಮಡಚಿ ಪೆಟ್ಟಿಗೆಯಲ್ಲಿ ಇಡುವಾಗ. ಇಂಗ್ಲೆಂಡಿನಲ್ಲಿ ಇದೇ ಕೆಲಸಕ್ಕೆ ಪುಟ್ಟ ಹುಡುಗರನ್ನು ಚಿಮಣಿಯೊಳಗೆ ಹತ್ತಿಸುತ್ತಿದ್ದರು. ಮಸಿಯಿಂದ ಅವರಿಗೆ ದೊಡ್ಡವರಾದಮೇಲೆ ಕ್ಯಾನ್ಸರ್ ಬರುತ್ತೆ ಅಂತ ಪರ್ಸಿವಲ್ ಪಾಟ್ ಅನ್ನೋ ಸರ್ಜನ್ 1775ರಲ್ಲೇ ಬರೆದಿದ್ದ. ಆ ಪದ್ಧತಿ ನಿಜವಾಗಿ ನಿಲ್ಲೋಕೆ 1875ರ ಕಾಯ್ದೆ ಬರಬೇಕಾಯಿತು. ನೂರು ವರ್ಷ.

ಯಾರನ್ನು ಕರೆಸಬೇಕು ಅಂತ ಕೇಳೋರಿಗೆ ನನ್ನ ಅನುಭವ ಇಷ್ಟೇ: ನಿಮ್ಮದೇ ಚಿಮಣಿಯ ವಿಡಿಯೊ ಕೊಡದೆ ದುಡ್ಡು ಹೇಳೋರಿಗೆ ಒಪ್ಪಬೇಡಿ, ವಿಮೆ ಇದೆಯಾ ಕೇಳಿ, ಗಾರೆಗೆ ಏನು ಕಲಸುತ್ತೀರಿ ಅಂತ ಕೇಳಿ. ಆ ಪ್ರಶ್ನೆಗೆ ತಡವರಿಸಿದರೆ ಬೇರೆಯವರನ್ನು ನೋಡಿ. ಬೇಸಿಗೆಯಲ್ಲೇ ಕರೆಸಿ. ಅಕ್ಟೋಬರಿನಲ್ಲಿ ಮೊದಲ ಚಳಿ ಬಿದ್ದಮೇಲೆ ಇಡೀ ಊರೇ ಅವರಿಗೆ ಫೋನ್ ಮಾಡುತ್ತೆ.

ಕನ್ನಡಿ ಪರೀಕ್ಷೆಯನ್ನು ನಾನು ಈಗ ತಿಂಗಳಿಗೊಮ್ಮೆ ಮಾಡುತ್ತೇನೆ, ಕನ್ನಡಿ ಬದಲು ಊದುಬತ್ತಿಯಲ್ಲಿ. ಅಡುಗೆಮನೆ ಫ್ಯಾನ್ ಜೋರಿಗೆ ಹಾಕಿ, ವಾಟರ್ ಹೀಟರ್ ಹೊತ್ತಿಸಿ ಐದು ನಿಮಿಷ ಬಿಟ್ಟು, ಆ ಸಂದಿನ ಹತ್ತಿರ ಊದುಬತ್ತಿ ಹಿಡಿದರೆ ಹೊಗೆ ಒಳಕ್ಕೆ ಎಳೆದುಕೊಳ್ಳಬೇಕು. ಆಚೆ ತಳ್ಳಿದರೆ ಆಫ್ ಮಾಡಿ ಫೋನ್ ಮಾಡಬೇಕು. ಪರಿಣತರ ತಪಾಸಣೆಗೆ ಇದು ಬದಲಿ ಅಲ್ಲ, ವರ್ಷಕ್ಕೊಮ್ಮೆ ಅವರೂ ಬರುತ್ತಾರೆ. ಮೊದಲ ಸಲ ಮಾಡುವಾಗ ವಿಡಿಯೊ ಕಾಲಿನಲ್ಲಿದ್ದ ಅಮ್ಮ, "ಗೀಸರಿಗೆ ಯಾಕೇ ಪೂಜೆ ಮಾಡ್ತಿದ್ದೀಯ?" ಅಂದಳು. ಮತ್ತೆ ಮೊದಲಿಂದ ಎಲ್ಲ ವಿವರಿಸಿದೆ. ಎಲ್ಲ ಕೇಳಿದಮೇಲೆ ಅವಳು ಕೇಳಿದ್ದು ಒಂದೇ: "ಈಗ ಸೋರಲ್ವಲ್ಲ?"

ಸೋರಲ್ಲ. ಮೂರು ಮಾರ್ಚ್ ಆಯಿತು, ಓಣಿಯ ಹಿಮದ ಮೇಲೆ ಕೆಂಪು ಚೂರು ಬಿದ್ದಿಲ್ಲ. ಸೀಲಿಂಗಿನಲ್ಲಿ ಕಲೆ ನಾಲ್ಕನೇ ಗೆರೆಯ ಒಳಗೇ ಇದೆ, ನಾಲ್ಕೂ ತಾರೀಖು ಓದೋಕೆ ಬರುತ್ತೆ. ಮುಚ್ಚೋಕೆ ಅಂತ ತಂದ ಬಿಳಿ ಪೇಂಟಿನ ಡಬ್ಬ ಇನ್ನೂ ನೆಲಮಾಳಿಗೆಯಲ್ಲೇ ಇದೆ. ಇನ್ನೊಂದು ಚಳಿಗಾಲ ನೋಡೋಣ ಅಂತ ನಾನು, ಈ ಭಾನುವಾರ ಬಳಿದೇಬಿಡೋಣ ಅಂತ ನಮ್ಮನೆಯವರು.